ಎಡಗೈ ಗವಸು

ಮಂಜು ಕವಿದ ಸೋಮವಾರ ಬೆಳಿಗ್ಗೆ ಮೊದಲ ದೋಣಿಗೇ
ಸ್ಮಿಲ್ತಿನೆಯಿಂದ ಹಿನ್ನೀರು ದಾಟಿ ಬಂದ ಯುರ್ಗಿಸ್.
ಫೋನಿನಲ್ಲಿ ಸಂದೇಶವಿತ್ತು: ನಿಮ್ಮ ವಸ್ತು ಸಿಕ್ಕಿದೆ.
ಬಲಗೈಗೆ ಗವಸು. ಎಡಗೈ ಜೇಬಿನಲ್ಲಿ.

ಕ್ಲೈಪೆಡಾ ಬಂದರಿನಲ್ಲಿ ಕಳೆದದ್ದನ್ನು ಕೇಳುವ ಕಿಟಕಿ.
ಗೆನೋವೈತೆ ಕಪಾಟು ತೆಗೆದಳು, ಕೊಡೆಗಳನ್ನು ಸರಿಸಿದಳು,
ಒಂದು ಕ್ಲಾರಿನೆಟ್, ಯಾರದೋ ಹಲ್ಲುಸೆಟ್ಟು,
ಹತ್ತೊಂಬತ್ತು ಗವಸು. ಒಂದೂ ಅವನದಲ್ಲ.
"ಸಿಕ್ಕಿದೆ ಅಂತ ಯಾರು ಹೇಳಿದ್ದು?"
"ನೀವೇ."

ಬರಿಗೈಯಲ್ಲಿ ಹೋದ.
ಒಂದೇ ಬರಿಗೈಯಲ್ಲಿ, ಅನ್ನಬೇಕು.

ಮೂರನೇ ಮಹಡಿಯಲ್ಲಿ ಸ್ಕೈಸ್ತೆ ಕೋಡು ಬಿಚ್ಚಿಕೊಂಡು ಕೂತಳು.
ಪಿಎಚ್‌ಪಿ, ಹದಿನಾಲ್ಕು ವರ್ಷದ್ದು.
ಎಲ್ಲಕ್ಕೂ ಮೇಲೆ ಒಂದು ಇಂಟರ್‌ಫೇಸ್:
ಒಡಲಿಲ್ಲ, ಬರೀ ಹೆಸರು. ಹುಡುಕು. ಕೊನೆಗೊಂದು ಅರ್ಧವಿರಾಮ.
ಕೊಟ್ಟವನೊಬ್ಬ, ನಡೆಸುವವರು ಬೇರೆ; ಅಂಥ ಮಾತು.
ಯಾವುದನ್ನು ಹುಡುಕಬೇಕೆಂದು ಬರೆದಿದೆ ಸರಿ,
ಹುಡುಕಿದ ಮೇಲೆ ಕೈಗೆ ಬರುವುದು ಏನು?
ಟಿಪ್ಪಣಿಯಲ್ಲಿ ಒಂದೇ ಪದ: ಮಿಕ್ಸೆಡ್.
ಅಂದರೆ, ಏನು ಬೇಕಾದರೂ ಬರಬಹುದು.
ಅಂದರೆ, ನನ್ನನ್ನು ಕೇಳಬೇಡ.
ಬರೆದವನ ಹೆಸರು ಅಲ್ಲೇ ಇದೆ, ರೋಮುಆಲ್ದಾಸ್.
ಈಗ ಪಾನೆವೆಜಿಸ್ ಹತ್ತಿರ ಜೇನು ಸಾಕುತ್ತಾನೆ.

ಆ ಮಾತನ್ನು ನಡೆಸುವ ಕ್ಲಾಸುಗಳು ಮೂರು.
ದೋಣಿಯದು, ಸಿಗದಿದ್ದರೆ ಫಾಲ್ಸ್ ಅನ್ನುತ್ತದೆ.
ಬಸ್ಸಿನದು ನಲ್.
ಈಜುಕೊಳದ್ದು ಖಾಲಿ ಪಟ್ಟಿ ಚಾಚುತ್ತದೆ, ತೊಳೆದಿಟ್ಟ ತಟ್ಟೆಯ ಹಾಗೆ.
ಕೇಳುವ ಕಡೆ ಇರುವುದು ಒಂದೇ ಪರೀಕ್ಷೆ:
ಬಂದದ್ದು ಫಾಲ್ಸ್ ಅಲ್ಲ ತಾನೆ? ಹಾಗಾದರೆ ಸಿಕ್ಕಿತು.
ಯುರ್ಗಿಸ್ ಗವಸು ಬಿಟ್ಟದ್ದು ಬಸ್ಸಿನಲ್ಲಿ.

ಇಲ್ಲ ಬೇರೆ, ಅಲ್ಲ ಬೇರೆ.
ಗವಸು ಇಲ್ಲ. ಇದು ಗವಸಲ್ಲ.
ಎರಡನ್ನೂ ಬೇರೆ ಮಾಡಿ ಬೆಳೆದ ನಾಲಿಗೆಗೆ ನಗು ಬರುತ್ತದೆ:
ಅಲ್ಲ ಎನ್ನದೆ ಬಂದದ್ದನ್ನೆಲ್ಲ
ಉಂಟು ಎಂದುಕೊಂಡಿತ್ತು ಕೋಡು.

"ಟೈಪನ್ನು ಇಂಟರ್‌ಫೇಸಿನಲ್ಲೇ ಕಟ್ಟಿಹಾಕಿದರೆ?"
ಎಯ್ಮಾಂತಾಸ್ ಕಪ್ಪು ಬ್ರೆಡ್ಡು ಅಗಿಯುತ್ತ ತಲೆಯಾಡಿಸಿದ.
"ಇವತ್ತೇ ಕಟ್ಟಿದರೆ, ನಾವು ಮುಖ ಕಾಣದ ಯಾರು ಯಾರೋ
ಇದನ್ನು ನಂಬಿ ಬರೆದದ್ದೆಲ್ಲ ಒಂದೇ ಏಟಿಗೆ ಮಗುಚುತ್ತದೆ.
ಮೊದಲು ಟಿಪ್ಪಣಿ ಬರೆ. ಮುಂದಿನ ಆವೃತ್ತಿಗೆ ಕಟ್ಟೋಣ."
"ಟಿಪ್ಪಣಿಯನ್ನು ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲವಲ್ಲ."
"ಹಿಡಿಯುವವರಿಗೆ ಬರೆ."

ಏನಂತ ಬರೆಯುವುದು? ಮೆಟ್ಟಿಲಿಳಿದು ಹೋದಳು.
ಗೆನೋವೈತೆಯ ಹತ್ತಿರ ಒಂದು ಉದ್ದ ಪುಸ್ತಕ, ಕಂಪ್ಯೂಟರಿಗಿಂತ ಹಳೆಯದು.
ಕೊನೆಯ ಕಾಲಮ್ಮು: ಏನು ಮರಳಿಸಿದೆ.
ಕೊಡೆ. ಕೊಡೆ. ಕೀಲಿಗೊಂಚಲು. ಅಡ್ಡಗೆರೆ. ಕೊಡೆ.
"ಅಡ್ಡಗೆರೆ ಅಂದರೆ?"
"ಹುಡುಕಿದೆ, ಇಲ್ಲ."
"ಖಾಲಿ ಬಿಟ್ಟರೆ?"
"ನಾನಿನ್ನೂ ಹುಡುಕಿಲ್ಲ."
ಕನ್ನಡಕ ತೆಗೆದು ಒರೆಸಿದಳು.
"ಖಾಲಿ ಬಿಟ್ಟು ಮನೆಗೆ ಹೋಗುವ ಹಾಗಿಲ್ಲ."

ಮೇಲೆ ಬಂದು, ಸಾಲಾಗಿ ನಿಂತ ನಕ್ಷತ್ರಗಳ ಪಕ್ಕ
ಸ್ಕೈಸ್ತೆ ಬರೆದಳು:
ರಿಟರ್ನ್: ವಸ್ತು, ಇಲ್ಲವೇ ನಲ್.
ನಲ್ ಎಂದರೆ ಹುಡುಕಿದ್ದಾಗಿದೆ, ಇಲ್ಲ.
ಹುಡುಕಲಿಕ್ಕೇ ಆಗದಿದ್ದರೆ ಎಕ್ಸೆಪ್ಷನ್ ಎಸೆಯಿರಿ,
ಖಾಲಿ ಬಿಟ್ಟು ಮನೆಗೆ ಹೋಗಬೇಡಿ.

ಕೊನೆಯ ಸಾಲನ್ನು ಎಯ್ಮಾಂತಾಸ್ ಅಳಿಸಹೊರಟ,
ಮತ್ತೊಮ್ಮೆ ಓದಿ, ಬಿಟ್ಟ.

ಸಂಜೆಯ ಹೊತ್ತಿಗೆ ಮೂರು ಕ್ಲಾಸೂ ದಾರಿಗೆ ಬಂದವು.
ಕೊನೆಯ ದೋಣಿಯ ಕಟಕಟೆಗೆ ಒರಗಿದ್ದ ಯುರ್ಗಿಸನ
ಜೇಬು ನಡುಗಿತು:
ಹುಡುಕಿದೆವು. ನಿಮ್ಮ ವಸ್ತು ನಮ್ಮಲ್ಲಿ ಇಲ್ಲ.
ಗವಸಿನ ಬೆರಳು ಮುಟ್ಟಿದರೆ ಪರದೆ ತೆರೆಯುವುದಿಲ್ಲ.
ಎಡಗೈಯಲ್ಲೇ ತೆರೆದು, ಎಡಗೈಯಲ್ಲೇ
ಸರಿ ಎಂದು ಒತ್ತಿದ.